ಹಸುವಿನ ಮೇವು ಮುಟ್ಟದೆ ಅಣಬೆ ಬೆಳೆಯೋಣ

(ಸುಗಟೂರಿನಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ಹಾಲು ಕರೆದು ಡೈರಿಗೆ ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಹುಳಕ್ಕೆ ಸೊಪ್ಪು ಹಾಕಿ ಬಂದವರಿದ್ದೀರಿ. ಇನ್ನೂ ಕೆಲವರು ಕೆಲಸ ಅರ್ಧಕ್ಕೇ ಬಿಟ್ಟು ಬಂದಿದ್ದೀರಿ ಅನ್ನೋದೂ ನಮಗೆ ಗೊತ್ತು. ಆದ್ದರಿಂದ ಉದ್ದ ಪೀಠಿಕೆ ಬೇಡ.

ಅಣಬೆ ಬೇಸಾಯದ ಬಗ್ಗೆ ತಿಳಿಸಿ ಅಂತ ಸಂಘಗಳಿಂದಲೇ ಕೇಳಿಕೆ ಬಂತು. ಸಂತೋಷ. ಆದರೆ ಮೊದಲೇ ಒಂದು ಮಾತು ಹೇಳಿಬಿಡ್ತೀವಿ. ಅಣಬೆ ಬೆಳೆದರೆ ಆರು ತಿಂಗಳಲ್ಲಿ ಲಕ್ಷಾಧಿಪತಿ ಆಗಬಹುದು ಅಂತ ಹೇಳೋಕೆ ನಾವು ಬಂದಿಲ್ಲ. ಹಾಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಅವರ ವಿಷಯ ಆಮೇಲೆ ಬರುತ್ತೆ. ಸುಗಟೂರು ಸುತ್ತಮುತ್ತಲ ಹಳ್ಳಿಗಳಲ್ಲಿ ಅಣಬೆಗೆ ಏನನ್ನು ಹಾಕಬೇಕು, ಏನನ್ನು ಹಾಕಬಾರದು, ಎಷ್ಟು ಬೆಳೆಯಬೇಕು, ಇಷ್ಟು ತಿಳಿದುಕೊಂಡು ಹೋದರೆ ಸಾಕು.

ಅಣಬೆ ಅಂದ ಕೂಡಲೇ ಎಲ್ಲ ಕಡೆ ಹೇಳಿಕೊಡೋದು ಹುಲ್ಲು. ಹುಲ್ಲು ಕತ್ತರಿಸಿ, ನೆನೆಸಿ, ಚೀಲಕ್ಕೆ ತುಂಬಿ ಅಂತಾರೆ. ಭತ್ತ ಬೆಳೆಯೋ ಮಂಡ್ಯದ ಕಡೆ, ಗಂಗಾವತಿ ಕಡೆ ಅದು ಸರಿ. ಅಲ್ಲಿ ಹುಲ್ಲು ರಾಶಿ ಬಿದ್ದಿರುತ್ತೆ. ನಮ್ಮ ಕೋಲಾರದಲ್ಲಿ ಹುಲ್ಲು ಅಂದರೆ ಯಾವುದು? ರಾಗಿ ಹುಲ್ಲು. ಅದು ಕಸವಾ? ಬಣವೆ ಇರೋ ಮನೆಗೆ ಹೆಣ್ಣು ಕೊಡ್ತೀವಿ ಅಂತ ಹಿಂದೆ ಹೇಳ್ತಿದ್ದರಂತೆ, ಅಷ್ಟು ಬೆಲೆ ಅದಕ್ಕೆ. ಮಳೆ ಕೈಕೊಟ್ಟ ವರ್ಷ ಒಂದು ಟ್ರ್ಯಾಕ್ಟರ್ ರಾಗಿ ಹುಲ್ಲಿಗೆ ಏನು ರೇಟು ಇರುತ್ತೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮಲ್ಲಿ ಮುಕ್ಕಾಲು ಜನರ ಮನೆ ನಡೆಯೋದೇ ಹಾಲಿನ ಬಟವಾಡೆಯಿಂದ.

ಲೆಕ್ಕ ಹಾಕೋಣ. ಹಸಿ ಮೇವಿನ ಜೊತೆ ಒಂದು ಸೀಮೆ ಹಸು ದಿನಕ್ಕೆ ಐದಾರು ಕಿಲೋ ಒಣ ಹುಲ್ಲು ತಿನ್ನುತ್ತೆ ಅಂತ ಇಟ್ಟುಕೊಳ್ಳಿ. ನೂರು ಚೀಲ ಅಣಬೆಗೆ ನೂರು ಕಿಲೋ ಒಣ ಹುಲ್ಲು ಬೇಕು. ಅಂದರೆ ಒಂದು ಹಸುವಿನ ಹದಿನೇಳು, ಇಪ್ಪತ್ತು ದಿನದ ಮೇವು ಹೋಯ್ತು. ಅಣಬೆಯಿಂದ ನಾಲ್ಕು ಕಾಸು ಬರುವ ಮುಂಚೆ ಹಾಲಿನಲ್ಲಿ ಕಾಸು ಕಡಿಮೆಯಾದರೆ ಆ ಲಾಭ ಯಾರ ಮನೆಗೆ? ರಾಗಿ ಹುಲ್ಲಲ್ಲಿ ಅಣಬೆ ಬರೋದಿಲ್ಲ ಅಂತಲ್ಲ, ಚೆನ್ನಾಗಿಯೇ ಬರುತ್ತೆ. ಆದರೆ ಹಸುವಿನ ಬಾಯಿಂದ ಕಿತ್ತು ಅಣಬೆಗೆ ಹಾಕೋದು ನಮಗೆ ಸರಿ ಕಾಣೋದಿಲ್ಲ.

ಹಾಗಾದರೆ ಏನು ಹಾಕೋದು? ಇದಕ್ಕೆ ಅಣಬೆಯ ಸ್ವಭಾವ ಸ್ವಲ್ಪ ತಿಳಿದಿರಬೇಕು.

ಅಣಬೆ ಗಿಡ ಅಲ್ಲ. ಅದಕ್ಕೆ ಹಸಿರು ಎಲೆ ಇಲ್ಲ, ಬಿಸಿಲಿನಲ್ಲಿ ತನ್ನ ಆಹಾರ ತಾನೇ ಮಾಡಿಕೊಳ್ಳೋಕೆ ಬರೋದಿಲ್ಲ. ಸತ್ತ ಮರ, ಒಣ ಕಡ್ಡಿ, ಉದುರಿದ ಎಲೆ ಇವನ್ನು ಕರಗಿಸಿ ತಿಂದು ಬದುಕುತ್ತೆ. ನಾವು ಕೊಯ್ಯುವ ಕೊಡೆ ಅದರ ಹಣ್ಣಿದ್ದ ಹಾಗೆ. ನಿಜವಾದ ಮೈ ಅಂದರೆ ಒಳಗೆ ಹರಡಿಕೊಂಡಿರುವ ಬಿಳಿ ಎಳೆಗಳು. ಮರದಲ್ಲಿ ಲಿಗ್ನಿನ್ ಅನ್ನೋ ಒಂದು ಗಟ್ಟಿ ಪದಾರ್ಥ ಇದೆ. ಮರ ನೆಟ್ಟಗೆ ನಿಲ್ಲೋದು ಅದರಿಂದಲೇ. ಹಸುವಿನ ಹೊಟ್ಟೆಗೆ ಅದು ಅರಗೋದಿಲ್ಲ. ನಮ್ಮ ಹೊಟ್ಟೆಗಂತೂ ಇಲ್ಲವೇ ಇಲ್ಲ. ಚಿಪ್ಪು ಅಣಬೆಗೆ ಅದನ್ನು ಕರಗಿಸುವ ಶಕ್ತಿ ಇದೆ. ಕಾಡಿನಲ್ಲಿ ಅದು ಬೆಳೆಯೋದೇ ಸತ್ತ ಮರದ ಮೇಲೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ, 1917ರ ಸುಮಾರಿಗೆ, ಜರ್ಮನಿಯಲ್ಲಿ ಫಾಲ್ಕ್ ಎಂಬ ವಿಜ್ಞಾನಿ ಇದನ್ನು ಮೊದಲು ಬೆಳೆಸಿ ತೋರಿಸಿದ್ದು ಕಡಿದು ಬಿಟ್ಟ ಮರದ ಬೊಡ್ಡೆಗಳ ಮೇಲೆ. ಹಸುವಿಗೆ ಆಗದ್ದು ಅಣಬೆಗೆ ಆಗುತ್ತೆ ಅಂದಮೇಲೆ ಹಸುವಿನದ್ದನ್ನೇ ಅದಕ್ಕೆ ಯಾಕೆ ಕೊಡಬೇಕು?

ನಮ್ಮ ದೇಶದಲ್ಲಿ ಈ ಅಣಬೆಯನ್ನು ಹುಲ್ಲಿನಲ್ಲಿ ಬೆಳೆಯುವ ಕೆಲಸದ ಮೂಲ ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿನ ಸಿ.ಎಫ್.ಟಿ.ಆರ್.ಐ., ಅಂದರೆ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ಝಕಿಯಾ ಬಾನೊ ಮತ್ತು ಶ್ರೀವಾಸ್ತವ ಅವರು ಭತ್ತದ ಹುಲ್ಲಿನ ಮೇಲೆ ಇದನ್ನು ಬೆಳೆಸಿದ ಕೆಲಸ 1962ರಲ್ಲಿ ಪ್ರಕಟವಾಯಿತು. ಝಕಿಯಾ ಬಾನೊ ಹೆಣ್ಣುಮಗಳು. ಇದನ್ನು ಹೇಳಿದ್ದು ಯಾಕೆಂದರೆ, "ಇದೆಲ್ಲ ಫಾರಿನ್ ವಿದ್ಯೆ, ನಮಗೆಲ್ಲಿ ಬರುತ್ತೆ" ಅನ್ನುವವರು ಇದ್ದಾರೆ. ಫಾರಿನ್ ಅಲ್ಲ, ಮೈಸೂರಿನದು.

ನಮ್ಮೂರಲ್ಲಿ ಯಾವುದು ಕಸ?

ಈಗ ನಿಮ್ಮ ಮನೆಯ ಹಿಂದೆ, ತೋಟದ ಬದುವಿನ ಮೇಲೆ ಏನೇನು ಬಿದ್ದಿದೆ ಅಂತ ಮನಸ್ಸಿನಲ್ಲೇ ನೋಡಿಕೊಳ್ಳಿ.

ಮೊದಲನೆಯದು ಹಿಪ್ಪುನೇರಳೆ ಕಡ್ಡಿ. ರೇಷ್ಮೆ ಮಾಡುವ ಮನೆಯಲ್ಲಿ ಒಂದೊಂದು ಬೆಳೆಗೂ ಹೊರೆಗಟ್ಟಲೆ ಕಡ್ಡಿ ಉಳಿಯುತ್ತೆ. ಮೊದಲು ಒಲೆಗೆ ಹೋಗ್ತಿತ್ತು. ಗ್ಯಾಸ್ ಬಂದ ಮೇಲೆ ಎಷ್ಟೋ ಮನೆಯಲ್ಲಿ ಬದುವಿನ ಮೇಲೆ ಸುಡ್ತಾರೆ. ಇದು ಅಣಬೆಗೆ ಒಳ್ಳೆ ಊಟ. ಎಳೆ ತುದಿ, ಬೆರಳಿಗಿಂತ ಸಣ್ಣ ಕಡ್ಡಿ ಆರಿಸಿಕೊಳ್ಳಿ. ದಪ್ಪ ಬುಡ ಬೇಡ. ಕೈಯಲ್ಲಿ ಕತ್ತರಿಸೋಕೆ ಕಷ್ಟ, ಮೇವು ಕತ್ತರಿಸುವ ಮಿಷನ್ ಇರುವ ಮನೆಯಲ್ಲಿ ಒಂದು ದಿನ ಕೇಳಿಕೊಂಡು ಎಲ್ಲರದ್ದೂ ಒಟ್ಟಿಗೆ ಕತ್ತರಿಸಿ. ಸೆರಗು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡು ನಿಲ್ಲಿ. ಈ ಮಾತು ತಮಾಷೆಗೆ ಹೇಳ್ತಿಲ್ಲ.

ಒಂದು ಎಚ್ಚರಿಕೆ ಇದೆ. ಹುಳು ಹಾಸಿಗೆಯ ಮೇಲೆ ಸುಣ್ಣ, ಔಷಧಿ ಪುಡಿ ಉದುರಿಸಿರ್ತೀರಿ. ಆ ಕಡ್ಡಿ, ಅದರಲ್ಲೂ ರೋಗ ಬಂದ ಬೆಳೆಯ ಕಡ್ಡಿ, ಅಣಬೆಗೆ ಬೇಡ. ಸೊಪ್ಪು ಬಿಡಿಸಿಕೊಂಡು ಹೊರಗೇ ಒಣಗಿಸಿದ ಕಡ್ಡಿ, ಗಿಡ ಸವರಿದಾಗ ಬಂದ ಕಡ್ಡಿ ತೆಗೆದುಕೊಳ್ಳಿ. ಇನ್ನೊಂದು: ಬೆಳೆ ಇಲ್ಲದಾಗ ಹುಳುಮನೆ ಖಾಲಿ ಇದೆಯಲ್ಲ, ಅಲ್ಲೇ ಅಣಬೆ ನೇತು ಹಾಕೋಣ ಅಂತ ಕೆಲವರು ಯೋಚನೆ ಮಾಡ್ತಾರೆ. ದಯವಿಟ್ಟು ಬೇಡ. ಅಣಬೆಗೆ ದಿನವೂ ನೀರು ಚಿಮುಕಿಸಬೇಕು, ತೇವ ಇರಲೇಬೇಕು. ಹುಳುವಿಗೆ ಸುಣ್ಣಕಟ್ಟು ರೋಗ ತರುವ ಬೂಷ್ಟಿಗೂ ಆ ತೇವವೇ ಬೇಕು. ಇರುವ ರೇಷ್ಮೆ ಬೆಳೆ ಕಳೆದುಕೊಂಡು ಅಣಬೆ ಮಾಡಬೇಕಾ?

ಎರಡನೆಯದು ಮುಸುಕಿನ ಜೋಳ. ಕಾಳು ಬಿಡಿಸಿದ ಮೇಲೆ ಉಳಿಯುವ ದಿಂಡನ್ನು ಜಜ್ಜಿ ಸಣ್ಣ ಚೂರು ಮಾಡಿದರೆ ಅಣಬೆಗೆ ಆಗುತ್ತೆ. ಒಣಗಿ ಗಟ್ಟಿಯಾದ ದಂಟಿನ ಬುಡ, ಹಸು ಮೂಸಿ ಬಿಡೋದು, ಅದೂ ಆಗುತ್ತೆ. ಕಡಲೆಕಾಯಿ ಸಿಪ್ಪೆಯನ್ನು ಬೇರೆಯದರ ಜೊತೆ ಬೆರೆಸಬಹುದು.

ಮೂರನೆಯದು ಮರದ ಹೊಟ್ಟು. ಮಾವಿನ ಮರ ಕೊಯ್ಯುವ ಸಾ ಮಿಲ್ಲುಗಳು ಕೋಲಾರ, ಶ್ರೀನಿವಾಸಪುರದ ಕಡೆ ಇವೆ. ಮಾವಿನ ಹೊಟ್ಟು ಒಳ್ಳೆಯದು. ನೀಲಗಿರಿ ಹೊಟ್ಟು ನಮ್ಮ ಜಿಲ್ಲೆಯಲ್ಲಿ ಧಾರಾಳ, ಆದರೆ ಅದರಲ್ಲಿ ಎಣ್ಣೆ ಅಂಶ ಇರೋದರಿಂದ ತಾಜಾ ಹೊಟ್ಟು ಬೇಡ. ಹೊರಗೆ ರಾಶಿ ಹಾಕಿ ಕೆಲವು ತಿಂಗಳು ಮಳೆ ಗಾಳಿಗೆ ಬಿಟ್ಟು, ವಾಸನೆ ಹೋದ ಮೇಲೆ ನೋಡಬಹುದು. ಪ್ಲೈವುಡ್ ಕೊಯ್ದ ಪುಡಿ, ಬಣ್ಣ ಬಳಿದ ಹಳೇ ಬಾಗಿಲು ಕಿಟಕಿಯ ಪುಡಿ, ಗೆದ್ದಲು ಔಷಧಿ ಹೊಡೆದ ಮರದ ಪುಡಿ ಮಾತ್ರ ಯಾವತ್ತೂ ಬೇಡ. ಅದರಲ್ಲಿರುವ ಅಂಟು, ವಿಷ ಎಲ್ಲ ತಿನ್ನೋ ಪದಾರ್ಥಕ್ಕೆ ಬರುತ್ತೆ. ಮಿಲ್ಲಿನವರನ್ನು ಯಾವ ಮರ ಅಂತ ಕೇಳಿಯೇ ತುಂಬಿಕೊಳ್ಳಿ.

ಬರೀ ಹೊಟ್ಟಿನಲ್ಲಿ ಬೆಳೆಯೋದು ಹೊಸಬರಿಗೆ ಕಷ್ಟ. ಅದಕ್ಕೆ ತೌಡೋ ಗೋಧಿ ಬೂಸಾವೋ ಸೇರಿಸಬೇಕು. ಸೇರಿಸಿದರೆ ಬೂಷ್ಟು ಬೇಗ ಹಿಡಿಯುತ್ತೆ, ಆಗ ಡ್ರಮ್ಮಿನಲ್ಲಿ ಮೂರು ನಾಲ್ಕು ಗಂಟೆ ಆವಿಯಲ್ಲಿ ಬೇಯಿಸಬೇಕು. ಸೌದೆ ಎಲ್ಲಿಂದ ತರ್ತೀರಿ? ಅದರ ಬದಲು ಕತ್ತರಿಸಿದ ಕಡ್ಡಿ, ದಂಟಿನ ಜೊತೆ ನಾಲ್ಕರಲ್ಲಿ ಒಂದು ಪಾಲು ಹೊಟ್ಟು ಬೆರೆಸಿ, ಬೂಸಾ ಹಾಕದೆ ಮಾಡಿ. ಇಳುವರಿ ಸ್ವಲ್ಪ ಕಡಿಮೆ ಬಂದರೂ ಕೆಡೋದು ಕಡಿಮೆ.

ಇನ್ನು ಟೊಮೇಟೊ. ಕೋಲಾರ ಅಂದರೆ ಟೊಮೇಟೊ, ಬೆಳೆ ಮುಗಿದ ಮೇಲೆ ಗಿಡ ಕಿತ್ತು ಹಾಕಿದ ರಾಶಿ ಎಲ್ಲ ಕಡೆ ಬಿದ್ದಿರುತ್ತೆ, ಬಿಟ್ಟಿ ಸಿಗುತ್ತೆ. ಬೇಡ. ಆ ಗಿಡಕ್ಕೆ ಎಷ್ಟು ಸಲ ಔಷಧಿ ಹೊಡೆದಿದ್ದೀರಿ ಅಂತ ಹೊಡೆದ ನಿಮಗೇ ಗೊತ್ತು.

ಕೊನೆಗೆ ಒಂದು ಮಾತು. ಕಸ ಬೇರೆ, ಕೊಳೆ ಬೇರೆ. ಮಳೆಯಲ್ಲಿ ನೆನೆದು ಕಪ್ಪಾದ ಹುಲ್ಲು, ಗೋದಲಿಯಲ್ಲಿ ಹಸು ಮೆದ್ದು ಬಿಟ್ಟು ಸಗಣಿ ಗಂಜಲ ತಾಗಿದ ಕಡ್ಡಿ, ಮುಗ್ಗಲು ವಾಸನೆ ಬರೋ ದಿಂಡು ಇವೆಲ್ಲ ತಿಪ್ಪೆಗೆ ಸರಿ. ಅದರಲ್ಲಿ ಆಗಲೇ ಬೇರೆ ಬೂಷ್ಟುಗಳು ಮನೆ ಮಾಡಿರುತ್ತವೆ. ಅಣಬೆಗೆ ಬೇಕಾದ್ದು ಒಣಗಿದ, ಹೊಂಬಣ್ಣ ಉಳಿಸಿಕೊಂಡ, ಹೊಸ ಕಸ. ಐದು ರೊಟ್ಟಿ ಎರಡು ಮೀನಿನ ಕಥೆ ನಮ್ಮ ಕ್ರೈಸ್ತ ಅಕ್ಕಂದಿರಿಗೆ ಗೊತ್ತು, ಉಳಿದವರೂ ಕೇಳಿರಬಹುದು. ಜನ ಎಲ್ಲ ಉಂಡ ಮೇಲೆ ಯೇಸುಸ್ವಾಮಿ ಉಳಿದ ಚೂರುಗಳನ್ನು ಕೂಡಿಸಿಡಲು ಹೇಳಿದರು, ಹನ್ನೆರಡು ಬುಟ್ಟಿ ತುಂಬಿತು. ಕೂಡಿಸಿಟ್ಟದ್ದು ತಿನ್ನಲು ಯೋಗ್ಯವಾದ ಚೂರನ್ನು. ನಾವೂ ಹಾಗೇ ಆರಿಸಬೇಕು.

ಬೆಳೆಯುವ ಕ್ರಮ

ಹಿಂದಿನ ದಿನ ಸಂಜೆ ಒಂದೂವರೆ ಎರಡು ಅಂಗುಲದ ಚೂರುಗಳನ್ನು ತಣ್ಣೀರಲ್ಲಿ ನೆನೆಸಿ. ಕಡ್ಡಿ, ದಿಂಡು ನೀರು ಹೀರೋದು ನಿಧಾನ, ರಾತ್ರಿಯೆಲ್ಲ ನೆನೆಯಲಿ. ಬೆಳಗ್ಗೆ ಬಸಿದು, ಗೋಣಿಚೀಲಕ್ಕೆ ತುಂಬಿ, ಹಂಡೆಯಲ್ಲಿ ಕುದಿಯೋ ಹಂತಕ್ಕೆ ಬಂದ ನೀರಲ್ಲಿ ಅದುಮಿ ಮುಳುಗಿಸಿ, ಮೇಲೆ ಕಲ್ಲು ಹೇರಿ ಮುಚ್ಚಿ. ನೀರು 80 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಇರಬೇಕು. ಉರಿ ಪೂರ್ತಿ ಆರಿಸದೆ ಸಣ್ಣಗೆ ಇಡಿ. ದಪ್ಪ ಕಡ್ಡಿ ಜಾಸ್ತಿ ಇದ್ದರೆ ಇನ್ನೂ ಅರ್ಧ ಗಂಟೆ.

ಫಾರ್ಮಲಿನ್, ಬಾವಿಸ್ಟಿನ್ ಹಾಕಿದ ನೀರಲ್ಲಿ ಹದಿನೆಂಟು ಗಂಟೆ ನೆನೆಸುವ ಪದ್ಧತಿಯೂ ಇದೆ. ಸೌದೆ ಉಳಿಯುತ್ತೆ ಅಂತ ಅದನ್ನು ಕಲಿಸುವವರೂ ಇದ್ದಾರೆ. ಹುಳುಮನೆಗೆ ಫಾರ್ಮಲಿನ್ ಹೊಡೆದ ದಿನ ಕಣ್ಣು ಮೂಗು ಏನಾಗುತ್ತೆ ಅಂತ ನಿಮಗೆ ಗೊತ್ತಿದೆ. ಮಕ್ಕಳು ಓಡಾಡುವ ಹಿತ್ತಲಲ್ಲಿ ಅದು ಬೇಡ. ಬಿಸಿನೀರೇ ಸಾಕು.

ಬಿಸಿನೀರಿಂದ ತೆಗೆದದ್ದನ್ನು ಶುಭ್ರವಾದ ಇಳಿಜಾರು ನೆಲದ ಮೇಲೆ, ಹೊಸ ಟಾರ್ಪಾಲಿನ ಮೇಲೆ ಹರಡಿ. ಪೂರ್ತಿ ತಣ್ಣಗಾಗಬೇಕು. ಹದ ನೋಡೋದು ಹೀಗೆ: ಒಂದು ಹಿಡಿ ತೆಗೆದುಕೊಂಡು ಬಿಗಿಯಾಗಿ ಹಿಂಡಿ. ನೀರು ಧಾರೆಯಾಗಿ ಸುರಿದರೆ ಇನ್ನೂ ಬಸಿಯಬೇಕು. ಒಂದೆರಡು ಹನಿ ಮಾತ್ರ ಬಂದು ಅಂಗೈ ಒದ್ದೆಯಾದರೆ ಸರಿಯಾದ ಹದ. ಮುದ್ದೆಗೆ ಹದ ನೋಡುವ ಕೈಗೆ ಇದೇನು ಕಷ್ಟ ಅಲ್ಲ. ಹೊಸಬರಲ್ಲಿ ಚೀಲ ಕೆಡೋದು ಹೆಚ್ಚಾಗಿ ಇಲ್ಲೇ, ನೀರು ಜಾಸ್ತಿಯಾಗಿ.

ಅಣಬೆ ಬೀಜ ಅಂದರೆ ಜೋಳದ ಅಥವಾ ಗೋಧಿ ಕಾಳಿನ ಮೇಲೆ ಲ್ಯಾಬಿನಲ್ಲಿ ಬೆಳೆಸಿದ ಬಿಳಿ ಎಳೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆಗೇ ಒಂದು ಪ್ರಯೋಗಾಲಯ ಇದೆ, ತರಬೇತಿಯೂ ಉಂಟು. ಮುಂಚೆಯೇ ಹೇಳಿಟ್ಟು ಹೋಗಬೇಕು. ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಿ. ಒಬ್ಬೊಬ್ಬರೇ ಬಸ್ ಚಾರ್ಜು ಕೊಟ್ಟು ಹೋಗಬೇಡಿ, ನಾಲ್ಕೈದು ಸಂಘಕ್ಕೆ ಇಬ್ಬರು ಹೋಗಿ ಬನ್ನಿ. ಕಾಳಿನ ಮೇಲೆಲ್ಲ ಬೆಳ್ಳಗೆ ಹತ್ತಿಯ ಹಾಗೆ ಹರಡಿರಬೇಕು. ಹಸಿರು, ಕಪ್ಪು ಚುಕ್ಕೆ ಇದ್ದರೆ, ಹುಳಿ ವಾಸನೆ ಇದ್ದರೆ ವಾಪಸ್ ಕೊಡಿ. ತರುವಾಗ ಬಸ್ಸಿನ ಇಂಜಿನ್ ಪಕ್ಕ ಇಡಬೇಡಿ, ಬಿಸಿಗೆ ಸಾಯುತ್ತೆ.

ಚೀಲಕ್ಕೆ ಒಂದು ಕಿಲೋ ಒಣ ಪದಾರ್ಥದ ಲೆಕ್ಕ, ಅದಕ್ಕೆ 100 ಗ್ರಾಂ ಬೀಜ. ನೆನೆದ ಮೇಲೆ ಆ ಒಂದು ಕಿಲೋ ಹೆಚ್ಚು ಕಡಿಮೆ ಮೂರು ಕಿಲೋ ತೂಗುತ್ತೆ. ಪಾಲಿಥೀನ್ ಚೀಲದಲ್ಲಿ ನಾಲ್ಕು ಬೆರಳಷ್ಟು ಒಂದು ಪದರ, ಅಂಚಿಗೆ ಬೀಜ, ಮತ್ತೆ ಪದರ, ಮತ್ತೆ ಬೀಜ, ಹೀಗೆ ಅದುಮಿ ತುಂಬಿ ಬಾಯಿ ಕಟ್ಟಿ. ಸುತ್ತ ಹದಿನೈದು ಇಪ್ಪತ್ತು ತೂತು ಚುಚ್ಚಿ. ಕೈ ಸೋಪಿನಲ್ಲಿ ತೊಳೆದು ಈ ಕೆಲಸಕ್ಕೆ ಕೂರಬೇಕು, ಬಾಗಿಲು ಹಾಕಿಕೊಂಡು, ಫ್ಯಾನ್ ನಿಲ್ಲಿಸಿ.

ಹದಿನೈದರಿಂದ ಇಪ್ಪತ್ತು ದಿನ ಕತ್ತಲೆ ಕೋಣೆಯಲ್ಲಿ ಇಡಿ. ಕಡ್ಡಿ, ಹೊಟ್ಟು ಇರುವ ಚೀಲಕ್ಕೆ ಇನ್ನೂ ನಾಲ್ಕು ದಿನ ಹೆಚ್ಚು ಬೇಕಾಗಬಹುದು. ಒಳಗೆಲ್ಲ ಬೆಳ್ಳಗಾದ ಮೇಲೆ ಚೀಲ ಸೀಳಿ, ಹಳೇ ಕಾಲದ ನೆಲುವಿನ ಹಾಗೆ ಹಗ್ಗದಲ್ಲಿ ನೇತು ಹಾಕಿ. ಈಗ ಬೆಳಕು ಬೇಕು, ಬಿಸಿಲು ಬೇಡ. ಗಾಳಿ ಆಡಬೇಕು. ಗಾಳಿ ಸಾಲದಿದ್ದರೆ ಕಾಲು ಉದ್ದವಾಗಿ ತಲೆ ಚಿಕ್ಕದಾಗುತ್ತೆ, ನೋಡಿದ ಕೂಡಲೇ ಗೊತ್ತಾಗುತ್ತೆ. ದಿನಕ್ಕೆ ಎರಡು ಮೂರು ಸಲ ಸಣ್ಣ ಹನಿಯಲ್ಲಿ ನೀರು. ನೆಲಕ್ಕೆ ಮರಳು ಹಾಸಿ ಒದ್ದೆ ಮಾಡಿ, ಗೋಡೆಗೆ ಗೋಣಿತಾಟು ಕಟ್ಟಿ ನೆನೆಸಿ.

ನೀರಿನ ವಿಷಯ ಒತ್ತಿ ಹೇಳಬೇಕು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬಂದಿದೆ. ಅದು ಅಂತರ್ಜಲ ಏರಲಿ ಅಂತ ಬಿಟ್ಟ ನೀರು. ಅಣಬೆಗೆ ಕೆರೆ ನೀರು ಚಿಮುಕಿಸಬೇಡಿ, ನೆನೆಸೋಕೂ ಬೇಡ. ನೀರಲ್ಲಿ, ಹುಲ್ಲಲ್ಲಿ ಏನಾದರೂ ಲೋಹದ ಅಂಶ ಇದ್ದರೆ ಅದನ್ನು ಹೀರಿಕೊಂಡು ಮೈಯಲ್ಲಿ ಇಟ್ಟುಕೊಳ್ಳುವ ಗುಣ ಈ ಅಣಬೆಗೆ ಇದೆ. ನೀವು ಕುಡಿಯೋ ನೀರನ್ನೇ ಅದಕ್ಕೂ ಕೊಡಿ.

ನಾಲ್ಕೈದು ದಿನದಲ್ಲಿ ಗುಂಡುಸೂಜಿ ತಲೆಯಂಥ ಮೊಗ್ಗು ಬರುತ್ತೆ, ಮತ್ತೆ ಮೂರ್ನಾಲ್ಕು ದಿನಕ್ಕೆ ಕೊಯ್ಲು. ಅಂಚು ಮೇಲಕ್ಕೆ ಮಡಚಿಕೊಳ್ಳುವ ಮುಂಚೆಯೇ ಇಡೀ ಗೊಂಚಲನ್ನು ತಿರುವಿ ಕೀಳಬೇಕು. ಬುಡ ಉಳಿಸಿದರೆ ಕೊಳೆಯುತ್ತೆ. ವಾರ ಹತ್ತು ದಿನಕ್ಕೊಮ್ಮೆ ಮೂರು ಕೊಯ್ಲು ಸಿಗುತ್ತೆ. ಎಲ್ಲ ಸೇರಿ ಒಂದು ಕಿಲೋ ಒಣ ಪದಾರ್ಥಕ್ಕೆ ಅರ್ಧದಿಂದ ಮುಕ್ಕಾಲು ಕಿಲೋ ಅಣಬೆ ಬಂದರೆ ಒಳ್ಳೆ ಬೆಳೆ ಅಂತಲೇ ತಿಳಿಯಿರಿ.

ಹಸಿರು ಬೂಷ್ಟು ಕಂಡ ಚೀಲವನ್ನು ಬಿಚ್ಚದೆ ಹೊರಗೆ ಒಯ್ದು ಹೂತು ಹಾಕಿ, ಪಾಪ ಅಂತ ಇಟ್ಟುಕೊಂಡರೆ ಪಕ್ಕದ್ದಕ್ಕೂ ಹರಡುತ್ತೆ. ಸಣ್ಣ ಕಾಲಿನ, ಒಂದೇ ದಿನಕ್ಕೆ ಕರಗಿ ಕಪ್ಪು ಶಾಯಿಯಂತಾಗುವ ಬೇರೆ ಅಣಬೆ ಚೀಲದಲ್ಲಿ ಹುಟ್ಟಿದರೆ ಕಿತ್ತು ಬಿಸಾಡಿ. ಗೆದ್ದಲ ಹುತ್ತದ ಮೇಲೆ ಮಳೆಗಾಲದಲ್ಲಿ ಸಿಗುವ ಅಣಬೆಯನ್ನು ನಿಮ್ಮದರ ಜೊತೆ ಬೆರೆಸಿ ಮಾರಬೇಡಿ. ಕಾಡು ಅಣಬೆಯಲ್ಲಿ ವಿಷದ್ದೂ ಇದೆ, ಒಬ್ಬರಿಗೆ ಏನಾದರೂ ಆದರೆ ಇಡೀ ಸಂಘದ ಹೆಸರು ಹೋಗುತ್ತೆ.

ಕಾಲದ ವಿಷಯ. ಜೂನ್‌ನಿಂದ ಫೆಬ್ರವರಿವರೆಗೆ ನಮ್ಮಲ್ಲಿ ಚಿಪ್ಪು ಅಣಬೆಗೆ ಅನುಕೂಲ. ಚಳಿಗಾಲದಲ್ಲಿ ನಿಧಾನ ಆಗುತ್ತೆ, ನಷ್ಟ ಇಲ್ಲ. ಮಾರ್ಚಿಯಿಂದ ಮೇವರೆಗೆ ತಗಡಿನ ಶೀಟು ಮನೆಯಲ್ಲಿ ಬೇಡವೇ ಬೇಡ. ಬೇಸಿಗೆಗೆ ಹಾಲು ಅಣಬೆ ಅಂತ ಒಂದಿದೆ, ತಮಿಳುನಾಡು ಕೃಷಿ ವಿಶ್ವವಿದ್ಯಾಲಯ 1998ರಲ್ಲಿ ಅದರ ತಳಿ ಬಿಡುಗಡೆ ಮಾಡಿತು. ಬೆಳೆಯುವ ಕ್ರಮ ಬೇರೆ, ಅದಕ್ಕೆ ಮೇಲೆ ಮಣ್ಣು ಹಾಕಬೇಕು. ಇದು ಕೈಗೆ ಹತ್ತಿದ ಮೇಲೆ ನೋಡೋಣ.

ಉಸಿರಿನ ಮಾತು

ಇದನ್ನು ಎಷ್ಟೋ ಕಡೆ ಹೇಳೋದೇ ಇಲ್ಲ, ಅದಕ್ಕೆ ನಾವು ಹೇಳ್ತೀವಿ. ಅಣಬೆ ಬಲಿತರೆ ಕೆಳಗಿನಿಂದ ಬಿಳಿ ಹುಡಿ ಉದುರುತ್ತೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣಗೆ ಗಾಳಿಯಲ್ಲೂ ಇರುತ್ತೆ. ದಿನಾ ಉಸಿರಾಡಿದರೆ ಕೆಲವರಿಗೆ ಕೆಮ್ಮು, ಜ್ವರ, ಎದೆ ಬಿಗಿತ ಬರುತ್ತೆ. ಒಳಗೆ ಹೋಗುವ ಮುಂಚೆ ಹತ್ತು ನಿಮಿಷ ಕಿಟಕಿ ತೆಗೆದಿಡಿ, ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ಬಲಿಯೋಕೆ ಬಿಡದೆ ಕೊಯ್ಯಿರಿ. ದಮ್ಮು ಇರುವ ಅಕ್ಕಂದಿರು ಚೀಲ ತುಂಬುವ ಕೆಲಸ, ಲೆಕ್ಕದ ಕೆಲಸ ಮಾಡಲಿ, ಬೆಳೆಯುವ ಕೋಣೆಗೆ ಬೇಡ. ಮಲಗುವ ಕೋಣೆಯಲ್ಲಿ ಚೀಲ ನೇತು ಹಾಕೋದಂತೂ ಯಾರೂ ಮಾಡಬಾರದು. ಜಾಗ ಇಲ್ಲ ಅಂತ ಮಾಡುವವರಿದ್ದಾರೆ.

ಕಾಸಿನ ಮಾತು

ಹತ್ತು ಚೀಲದಿಂದ ಶುರು ಮಾಡಿ. ಹತ್ತು ಕಿಲೋ ಒಣ ಪದಾರ್ಥ, ಒಂದು ಕಿಲೋ ಬೀಜ, ಹತ್ತು ಚೀಲ. ಇದಕ್ಕೆ ಸಾಲ ಬೇಕಾಗಿಲ್ಲ, ಸಂಘದ ಉಳಿತಾಯದಲ್ಲೇ ಆಗುತ್ತೆ. ಐದು ಚೀಲಕ್ಕೆ ಕೊಂಡು ತಂದ ಭತ್ತದ ಹುಲ್ಲು ಹಾಕಿ, ಐದಕ್ಕೆ ನಿಮ್ಮೂರ ಕಡ್ಡಿ, ದಿಂಡು, ಹೊಟ್ಟು ಹಾಕಿ. ಚೀಟಿ ಅಂಟಿಸಿ. ಯಾವುದರಲ್ಲಿ ಎಷ್ಟು ಬಂತು ಅಂತ ತೂಕ ಮಾಡಿ ಬರೆಯಿರಿ. ಎರಡು ತಿಂಗಳಲ್ಲಿ ಎಲ್ಲ ಸೇರಿ ಐದರಿಂದ ಏಳು ಕಿಲೋ ಬರಬಹುದು. ಅಷ್ಟೇನಾ ಅಂತೀರಾ? ಹೌದು, ಅಷ್ಟೇ. ಅದು ಕಲಿಯೋದಕ್ಕೆ ಮತ್ತು ಮನೆಗೆ.

ಮಾರೋದಕ್ಕೆ ದಿನಕ್ಕೆ ಎರಡು ಕಿಲೋ ಬೇಕು ಅಂತ ಇಟ್ಟುಕೊಂಡರೆ ತಿಂಗಳಿಗೆ 60 ಕಿಲೋ ಆಯ್ತು. ಚೀಲಕ್ಕೆ 600 ಗ್ರಾಂ ಅಂದರೆ ತಿಂಗಳಿಗೆ ನೂರು ಚೀಲ ಹೊಸದಾಗಿ ಕಟ್ಟಬೇಕು, ವಾರಕ್ಕೆ ಇಪ್ಪತ್ತೈದು. ಕೋಣೆಯಲ್ಲಿ ಯಾವಾಗಲೂ ಇನ್ನೂರರ ಹತ್ತಿರ ಚೀಲ ಇರುತ್ತೆ. ವಾರಕ್ಕೆ ಇಪ್ಪತ್ತೈದು ಚೀಲ ಕಟ್ಟೋದು ನಾಲ್ಕೈದು ಜನರ ಒಂದು ದಿನದ ಪೂರ್ತಿ ಕೆಲಸ, ಅದರ ಮೇಲೆ ದಿನಾ ನೀರು, ಕೊಯ್ಲು, ಸಾಗಾಟ. ಸರದಿ ಹಾಕಿಕೊಂಡು ಮಾಡುವ ಸಂಘಕ್ಕೆ ಇದು ಸಾಧ್ಯ. ಒಬ್ಬಳೇ ಮಾಡ್ತೀನಿ ಅನ್ನುವವಳಿಗೆ ಬೆನ್ನು ಮುರಿಯುತ್ತೆ.

ಬೆಳೆಯುವ ಮುಂಚೆ ಕೊಳ್ಳುವವರನ್ನು ಹುಡುಕಿ. ಕೊಯ್ದ ಅಣಬೆ ಹೊರಗೆ ಒಂದು ದಿನ, ಹೆಚ್ಚೆಂದರೆ ಎರಡು ದಿನ. ಫ್ರಿಜ್ಜಿನಲ್ಲಿ ತೂತು ಮಾಡಿದ ಕವರಿನಲ್ಲಿ ನಾಲ್ಕೈದು ದಿನ. ಟೊಮೇಟೊ ಹಾಗೆ ಮಂಡಿಗೆ ಹಾಕಿ ಹರಾಜು ಕಾಯೋಕೆ ಆಗೋದಿಲ್ಲ. ಮೊದಲು ನಿಮ್ಮ ಬೀದಿ, ಆಮೇಲೆ ಕೋಲಾರದ ಹೋಟೆಲ್ಲು, ಮದುವೆ ಅಡುಗೆಯವರು, ನರಸಾಪುರ ಕೈಗಾರಿಕಾ ಪ್ರದೇಶದ ಸುತ್ತ ಊಟ ಕೊಡುವ ಮೆಸ್ಸುಗಳು. ಶ್ರಾವಣದಲ್ಲಿ, ನಮ್ಮ ತಪಸ್ಸು ಕಾಲದಲ್ಲಿ ಮಾಂಸ ಬಿಟ್ಟವರು ಅಣಬೆ ಕೇಳ್ತಾರೆ. ಅಣಬೆಯೂ ಮಾಂಸವೇ ಅನ್ನುವ ಮನೆಗಳೂ ಇವೆ, ಅವರ ಹತ್ತಿರ ವಾದ ಮಾಡಬೇಡಿ. ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗೋದು ಗುಂಡಿ ಅಣಬೆ, ಜನರಿಗೆ ಅದೇ ಅಭ್ಯಾಸ. ಚಿಪ್ಪು ಅಣಬೆಯನ್ನು ಒಂದೆರಡು ಸಲ ಬಿಟ್ಟಿ ಕೊಟ್ಟು ರುಚಿ ಹಿಡಿಸಬೇಕಾಗುತ್ತೆ. ಉಳಿದದ್ದನ್ನು ಬಿಸಿಲಲ್ಲಿ ಒಣಗಿಸಿ, ಹತ್ತು ಕಿಲೋಗೆ ಒಂದು ಕಿಲೋ ಆಗುತ್ತೆ. ಪುಡಿ, ಉಪ್ಪಿನಕಾಯಿ ಮಾಡಿ ಪೊಟ್ಟಣ ಕಟ್ಟಿ ಮಾರಿದರೆ ಆಹಾರ ಸುರಕ್ಷತೆಯ ನೋಂದಣಿ ಬೇಕು.

ಇನ್ನು ಆಮೇಲೆ ಹೇಳ್ತೀವಿ ಅಂದ ಮಾತು. "ಬೀಜ ನಾವೇ ಕೊಡ್ತೀವಿ, ಶೆಡ್ಡು ನಾವೇ ಹಾಕಿಸ್ತೀವಿ, ಬೆಳೆದದ್ದೆಲ್ಲ ನಾವೇ ಕೊಳ್ತೀವಿ, ನೀವು ಇಷ್ಟು ಡಿಪಾಸಿಟ್ ಕಟ್ಟಿ" ಅಂತ ಬಣ್ಣದ ಪುಸ್ತಕ ಹಿಡಿದು ಬರುವವರಿದ್ದಾರೆ. ಮೊದಲ ಕೊಯ್ಲು ಒಳ್ಳೆ ರೇಟಿಗೆ ಕೊಂಡು ನಂಬಿಕೆ ಹುಟ್ಟಿಸಿ, ಎರಡನೆಯದಕ್ಕೆ ಫೋನ್ ಸ್ವಿಚ್ ಆಫ್. ಕೊಳ್ಳುವವನು ನಿಜವಾಗಿ ಕೊಳ್ಳುವವನಾದರೆ ಮೊದಲು ನಿಮ್ಮಿಂದ ಕಾಸು ಯಾಕೆ ಕೇಳ್ತಾನೆ? ಇದಕ್ಕಾಗಿ ಮೈಕ್ರೋಫೈನಾನ್ಸ್ ಸಾಲ ಎತ್ತಬೇಡಿ. 2009ರಲ್ಲಿ ಕೋಲಾರ ಪಟ್ಟಣದಲ್ಲಿ ಕಂತು ಕಟ್ಟಲಾಗದೆ ಎಷ್ಟು ಹೆಣ್ಣುಮಕ್ಕಳು ನೊಂದರು ಅನ್ನೋದು ನಿಮ್ಮಲ್ಲಿ ಹಿರಿಯರಿಗೆ ನೆನಪಿದೆ. ವಾರದ ಕಂತು ಅಣಬೆ ಬರುವವರೆಗೆ ಕಾಯೋದಿಲ್ಲ.

ಮೂರು ಕೊಯ್ಲು ಆದ ಮೇಲೆ ಚೀಲದಲ್ಲಿ ಉಳಿಯೋದನ್ನು ಬಿಸಾಡಬೇಡಿ. ಸಗಣಿ ಜೊತೆ ಗುಂಡಿಗೆ ಹಾಕಿದರೆ, ಎರೆಹುಳುವಿಗೆ ಕೊಟ್ಟರೆ ಒಳ್ಳೆ ಗೊಬ್ಬರ, ಹಿಪ್ಪುನೇರಳೆ ತೋಟಕ್ಕೇ ವಾಪಸ್ ಹೋಗುತ್ತೆ. ಅದನ್ನು ಹಸುವಿಗೂ ಹಾಕಬಹುದು ಅಂತ ಹೇಳ್ತಾರೆ. ಬೂಷ್ಟು ಹಿಡಿದದ್ದು ಸೇರಿಹೋದರೆ ಹಸುವಿಗೆ ಕಷ್ಟ, ಆದ್ದರಿಂದ ಗೊಬ್ಬರಕ್ಕೇ ಹಾಕಿ. ಪಾಲಿಥೀನ್ ಚೀಲವನ್ನು ಮಾತ್ರ ಬೇರೆ ಮಾಡಿ ಕಟ್ಟಿಡಿ. ತಿಪ್ಪೆಗೆ ಹೋದರೆ ಅದೂ ಹಸುವಿನ ಹೊಟ್ಟೆಗೇ.

"ಮೊದಲ ಕೊಯ್ಲು ಮಾರೋಣವಾ?" ಅಂತ ಒಬ್ಬ ತಂಗಿ ಕೇಳಿದಳು. ಬೇಡ, ಮನೆಯಲ್ಲಿ ಬೇಯಿಸಿ. ಹಸಿ ಅಣಬೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ, ಆದರೂ ಉಳಿದ ಆ ಒಂದು ಪಾಲಿನಲ್ಲಿ ಒಳ್ಳೆ ಪ್ರೋಟೀನ್ ಇದೆ. ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಬೇಳೆ ಸೊಪ್ಪಿನ ಜೊತೆ ಇದೂ ಇರಲಿ. ಬೇಳೆ, ಮೊಟ್ಟೆ ಬಿಟ್ಟು ಇದನ್ನೇ ಕೊಡಿ ಅಂತ ಹೇಳ್ತಿಲ್ಲ. ಬೇಯಿಸುವ ಮುಂಚೆ ಅರ್ಧ ಗಂಟೆ, ಗೆರೆಗೆರೆ ಇರುವ ಅಡಿಭಾಗ ಮೇಲೆ ಮಾಡಿ ಬಿಸಿಲಿಗೆ ಇಟ್ಟರೆ ಅದರಲ್ಲಿ ಡಿ ಜೀವಸತ್ವ ಹೆಚ್ಚುತ್ತೆ. ಹಸಿಯಾಗಿ ತಿನ್ನಬಾರದು, ಮೊದಲ ಸಲ ತಿನ್ನುವವರು ಸ್ವಲ್ಪವೇ ತಿಂದು ನೋಡಲಿ. ಕತ್ತಿಯಲ್ಲಿ ಹೆಚ್ಚಬೇಡಿ, ಕೈಯಲ್ಲೇ ಎಳೆ ಎಳೆಯಾಗಿ ಸೀಳಿ. ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಧನಿಯ ಹುರಿದು ರುಬ್ಬಿ ಮುದ್ದೆಗೆ ಸಾರು ಮಾಡಿ. ನೀರು ಕಡಿಮೆ ಹಾಕಿ, ಒಲೆಯ ಮೇಲೆ ಅದೇ ನೀರು ಬಿಡುತ್ತೆ.